ರೂಕಿ ರಿಸೀವರ್ ಮೊದಲ ಸೀಸನ್ನಲ್ಲೇ ಆಡಿ ತೋರಿಸಬೇಕು ಅನ್ನೋದು ನ್ಯಾಯವಾ?

ಸಾಂತಾಕ್ಲಾರಾ_ಸೀನ

2025ರ ಸೀಸನ್ ಶುರುವಾಗೋ ಹೊತ್ತಾದ್ರೂ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಮುಗೀತಿಲ್ಲ, ಅದಕ್ಕೇ ಇಲ್ಲಿ ಹಾಕ್ತಿದ್ದೀನಿ. ಮಾತು ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ದು: ರಿಸೀವರ್ ಅಂದ್ರೆ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನ ಓಡಿ ಹೋಗಿ ಹಿಡಿಯೋನು, ರೂಕಿ ಅಂದ್ರೆ ಮೊದಲ ವರ್ಷದವನು. 2024ರ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಕಾಲೇಜು ಆಟಗಾರರನ್ನ ಸರದಿಯಂತೆ ಆರಿಸ್ಕೊಳ್ಳೋದು) ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ 31ನೇ ಪಿಕ್‌ನಲ್ಲಿ, ಅಂದ್ರೆ 31ನೇ ಸರದಿಯಲ್ಲಿ, ರಿಕಿ ಪಿಯರ್ಸಾಲ್‌ನ ತಗೊಂಡ್ರು. ವರ್ಷದ ಕೊನೆಗೆ ಅವನ ಲೆಕ್ಕ 31 ಕ್ಯಾಚ್, 400 ಯಾರ್ಡ್ (ಕ್ಯಾಚ್ ಹಿಡಿದು ಚೆಂಡು ಮುಂದೆ ಒಯ್ದ ದೂರ), 3 ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೆಯ ಗೆರೆ ದಾಟಿಸಿದ ಸ್ಕೋರ್). "ಫಸ್ಟ್ ರೌಂಡ್ ದಂಡ" ಅಂತ ಗುಂಪಿನಲ್ಲಿ ನಾಲ್ಕು ಜನ ತೀರ್ಪು ಕೊಟ್ಟುಬಿಟ್ಟಿದ್ದಾರೆ.

ಆ ಹುಡುಗನಿಗೆ ಏನಾಗಿತ್ತು ಅಂತ ಮರೆತೇ ಹೋಯ್ತಾ? ಕ್ಯಾಂಪ್‌ನಲ್ಲಿ ಗಾಯ. ಆಗಸ್ಟ್ 31ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ದರೋಡೆ ಮಾಡೋಕೆ ಬಂದವನು ಎದೆಗೆ ಗುಂಡು ಹೊಡೆದ. ಅಂಥವನು ಅಕ್ಟೋಬರ್ 20ಕ್ಕೆ ಚೀಫ್ಸ್ ವಿರುದ್ಧ ಮೈದಾನಕ್ಕೆ ಇಳಿದ. ಅದೇ ದಿನ ನಮ್ಮ ಇನ್ನೊಬ್ಬ ರಿಸೀವರ್ ಬ್ರ್ಯಾಂಡನ್ ಐಯುಕ್‌ನ ಮಂಡಿ ಹೋಯ್ತು. ಇನ್ನೊಂದು ವಿಷಯ: ಪಿಯರ್ಸಾಲ್‌ನ 400 ಯಾರ್ಡ್‌ನಲ್ಲಿ 210 ಬಂದಿದ್ದು ಕೊನೆಯ ಎರಡೇ ಪಂದ್ಯದಲ್ಲಿ, ಲಯನ್ಸ್ ಮೇಲೆ 141, ಕಾರ್ಡಿನಲ್ಸ್ ಮೇಲೆ 69.

ಸರಿ, ಅವನದ್ದು ವಿಶೇಷ ಪ್ರಕರಣ ಅಂತಲೇ ಇಟ್ಕೊಳ್ಳೋಣ. ನನ್ನ ಪ್ರಶ್ನೆ ದೊಡ್ಡದು. ಕಾಲೇಜಿಂದ ಈಗಷ್ಟೇ ಬಂದ 22 ವರ್ಷದ ರಿಸೀವರ್ ಸೀಸನ್ ಶುರುವಾಗೋ ಸೆಪ್ಟೆಂಬರ್‌ನಲ್ಲೇ ಪಂದ್ಯ ಗೆಲ್ಲಿಸಿಕೊಡಬೇಕು ಅಂತ ನಾವು ಯಾಕೆ ಕಾಯ್ತೀವಿ?

ಮಿನಿಯಾಪೊಲಿಸ್_ಮಂಜು

ಯಾಕೆ ಅಂದ್ರೆ ಕೆಲವರು ಗೆಲ್ಲಿಸಿಕೊಟ್ಟಿದ್ದಾರೆ ಗುರು! 1998ರಲ್ಲಿ ರ‍್ಯಾಂಡಿ ಮಾಸ್: 21ನೇ ಪಿಕ್, 1,313 ಯಾರ್ಡ್, 17 ಟಚ್‌ಡೌನ್. ಆ ವರ್ಷ ನಮ್ಮ ವೈಕಿಂಗ್ಸ್ 15 ಗೆಲುವು, 1 ಸೋಲು. 2020ರಲ್ಲಿ ಜಸ್ಟಿನ್ ಜೆಫರ್ಸನ್: 22ನೇ ಪಿಕ್, 88 ಕ್ಯಾಚ್, 1,400 ಯಾರ್ಡ್. ಫಸ್ಟ್ ರೌಂಡ್‌ನಲ್ಲಿ ರಿಸೀವರ್ ತಗೊಂಡು "ಎರಡು ವರ್ಷ ಕಾಯಿರಿ" ಅನ್ನೋದಾದ್ರೆ ಆ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಾಯೋ ಒಬ್ಬ ಟ್ಯಾಕಲ್‌ನ ತಗೋಬಹುದಿತ್ತಲ್ಲ?

ಚೀಸ್‌ಹೆಡ್_ಚಂದ್ರು

ಮಂಜು, ನೀನು ಇಬ್ಬರು ದೇವರ ಹೆಸರು ಹೇಳಿ ಊರೆಲ್ಲಾ ಪೂಜೆ ಮಾಡಿ ಅಂತಿದ್ದೀಯ.

ನಮ್ಮ ಗ್ರೀನ್ ಬೇ ಪ್ಯಾಕರ್ಸ್ ಕಡೆ ಬಾ. ಜಾರ್ಡಿ ನೆಲ್ಸನ್ 2008ರಲ್ಲಿ ರೂಕಿಯಾಗಿ 366 ಯಾರ್ಡ್. 2011ರಲ್ಲಿ 1,263 ಯಾರ್ಡ್, 15 ಟಚ್‌ಡೌನ್. ಡವಾಂಟೆ ಆಡಮ್ಸ್ 2014ರಲ್ಲಿ 446 ಯಾರ್ಡ್, ಎರಡನೇ ವರ್ಷ 483 ಯಾರ್ಡ್, ಟಚ್‌ಡೌನ್ ಒಂದೇ ಒಂದು. ಆಗ ಮಿಲ್ವಾಕಿಯ ನಮ್ಮ ಕನ್ನಡ ಕೂಟದ ಹುಡುಗರೇ "ಇವನನ್ನ ಓಡಿಸಿ" ಅಂತಿದ್ರು. ಮೂರನೇ ವರ್ಷ 997 ಯಾರ್ಡ್, 12 ಟಚ್‌ಡೌನ್. 2020ಕ್ಕೆ ಬಂದ್ರೆ 18 ಟಚ್‌ಡೌನ್. ಕಾದಿದ್ದಕ್ಕೆ ಸಿಕ್ಕಿದ್ದು.

ಮಿನಿಯಾಪೊಲಿಸ್_ಮಂಜು

2022ರ ಮೊದಲ ಪಂದ್ಯದಲ್ಲಿ ನಿಮ್ಮ ಟೀಮ್‌ನ ಮೊದಲ ಎಸೆತದಲ್ಲೇ ನಿಮ್ಮ ರೂಕಿ ಕ್ರಿಶ್ಚಿಯನ್ ವಾಟ್ಸನ್ ಕೈಯಿಂದ ಜಾರಿಸಿದ ಟಚ್‌ಡೌನ್ ನಮ್ಮ ಮೈದಾನದಲ್ಲೇ ಬಿದ್ದಿತ್ತು. ಇನ್ನೂ ಹುಡುಕ್ತಿದ್ದೀರಾ? 😄

ಚೀಸ್‌ಹೆಡ್_ಚಂದ್ರು

ಅದೇ ವಾಟ್ಸನ್ ನವೆಂಬರ್‌ನಲ್ಲಿ ಕೌಬಾಯ್ಸ್ ಮೇಲೆ ಒಂದೇ ಪಂದ್ಯದಲ್ಲಿ ಮೂರು ಟಚ್‌ಡೌನ್ ಹೊಡೆದ. ಕ್ಯಾಚ್ ಹಿಡಿದೇ ವರ್ಷಕ್ಕೆ ಏಳು. ಸೆಪ್ಟೆಂಬರ್‌ನಲ್ಲಿ ಬರೆದ ತೀರ್ಪು ಡಿಸೆಂಬರ್‌ಗೆ ಹರಿದು ಹಾಕಬೇಕಾಗುತ್ತೆ, ಅಷ್ಟೇ ನಾನು ಹೇಳೋದು.

ಹೊಸ_ನೋಡುಗ

ನಾನು ಅಮೆರಿಕಕ್ಕೆ ಬಂದು ಸ್ವಲ್ಪ ದಿನ ಆಯ್ತು, ಆಟ ಈಗಷ್ಟೇ ಅರ್ಥ ಆಗ್ತಿದೆ. ಒಂದು ಅನುಮಾನ ಕೇಳ್ತೀನಿ, ನಗಬೇಡಿ. ಓಡಬೇಕು, ಚೆಂಡು ಹಿಡೀಬೇಕು. ಕಾಲೇಜಿನಲ್ಲಿ ಲಕ್ಷ ಜನರ ಮುಂದೆ ಅದನ್ನೇ ಮಾಡಿದವನಿಗೆ ಇಲ್ಲಿ ಏನು ಕಷ್ಟ?

ವಿದ್ಯಾ_ಡೆಟ್ರಾಯಿಟ್

ನಗೋ ಪ್ರಶ್ನೆ ಅಲ್ಲ ಇದು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗೋದರಿಂದ ರಿಸೀವರ್ ಮಾಡೋ ಕೆಲಸದ ಮುಕ್ಕಾಲು ಭಾಗ ನಮಗೆ ಕಾಣೋದೇ ಇಲ್ಲ.

ಮೊದಲನೇದು ಮೈದಾನ. ಅಗಲ ಎರಡೂ ಕಡೆ ಒಂದೇ, ಆದರೆ ಆಟ ಶುರುವಾಗೋ ಹ್ಯಾಶ್ ಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಕಾಲೇಜಿನಲ್ಲಿ ಚೆಂಡು ಒಂದು ಪಕ್ಕಕ್ಕೆ ಇದ್ದಾಗ ಇನ್ನೊಂದು ಪಕ್ಕ ಬಯಲೇ ಬಯಲು. ವೇಗ ಇದ್ದವನು ಆ ಬಯಲಲ್ಲಿ ಓಡಿಕೊಂಡು ಬದುಕ್ತಾನೆ. ಇಲ್ಲಿ ಆ ಬಯಲು ಇಲ್ಲ. ಚೆಂಡು ಹಿಡಿದಾಗ ಅಲ್ಲಿ ಮೈದಾನದ ಗೆರೆಯೊಳಗೆ ಒಂದು ಪಾದ ಸಾಕು, ಇಲ್ಲಿ ಎರಡೂ ಊರಬೇಕು. ಚೆಂಡು ಕೂಡ ಪೂರ್ತಿ ಒಂದೇ ಅಲ್ಲ. ಕಾಲೇಜು ಚೆಂಡಿನ ಮೇಲೆ ಬಿಳಿ ಪಟ್ಟೆ ಇರುತ್ತೆ, ಎನ್‌ಎಫ್‌ಎಲ್ ಚೆಂಡಿಗೆ ಇಲ್ಲ. 2021ರ ಆಗಸ್ಟ್‌ನಲ್ಲಿ ಬೆಂಗಲ್ಸ್‌ನ ರೂಕಿ ಜಮಾರ್ ಚೇಸ್ ಅಭ್ಯಾಸ ಪಂದ್ಯಗಳಲ್ಲಿ ಚೆಂಡು ಬಿಡ್ತಿದ್ದಾಗ ಇದನ್ನೇ ಹೇಳಿದ್ದ, ಎಲ್ಲರೂ ನಕ್ಕಿದ್ದರು.

ಎರಡನೇದು ಎದುರಾಳಿ. ಮೊದಲ ಐದು ಗಜದೊಳಗೆ ಕಾರ್ನರ್‌ಬ್ಯಾಕ್ (ರಿಸೀವರ್‌ನ ಕಾಯೋ ಎದುರಾಳಿ) ಕೈಯಿಂದ ತಡೆಯೋದು ನಿಯಮದೊಳಗೇ ಇದೆ. ಕಾಲೇಜಿನಲ್ಲಿ ಎಷ್ಟೋ ರಿಸೀವರ್‌ಗಳು ಇಂಥ ಪ್ರೆಸ್ ಕವರೇಜ್ ಅಪರೂಪಕ್ಕೆ ನೋಡಿರ್ತಾರೆ. ಇಲ್ಲಿ ಎದುರಿಗೆ ನಿಂತವನಿಗೆ ಎಂಟು ವರ್ಷದ ಅನುಭವ, ಇವನ ಭುಜ ಯಾವ ಕಡೆ ವಾಲುತ್ತೆ ಅಂತ ವಿಡಿಯೋ ನೋಡಿ ಬಂದಿರ್ತಾನೆ.

ನನ್ನ ಪ್ರಕಾರ ನಿಜವಾದ ಕಷ್ಟ ಮೂರನೇದು, ಯೋಚನೆ. ಇಲ್ಲಿ ಎಷ್ಟೋ ರೂಟ್‌ಗಳು (ರಿಸೀವರ್ ಓಡೋ ದಾರಿ) ಮೊದಲೇ ಪೂರ್ತಿ ತೀರ್ಮಾನ ಆಗಿರಲ್ಲ. ಚೆಂಡು ಚಲಿಸಿದ ಮೇಲೆ ಹಿಂದೆ ನಿಂತು ಕಾಯೋ ಸೇಫ್ಟಿ ಒಬ್ಬನಾ ಇಬ್ಬರಾ, ಎದುರಿನವನು ನನ್ನ ಜೊತೆ ಓಡ್ತಿದ್ದಾನಾ ಇಲ್ಲಾ ಜಾಗ ಕಾಯ್ತಿದ್ದಾನಾ ಅಂತ ಓಡ್ತಾ ಓಡ್ತಾನೇ ಓದಬೇಕು. ಆಮೇಲೆ ನಿಲ್ಲೋದಾ, ಒಳಗೆ ತಿರುಗೋದಾ, ಉದ್ದ ಹೋಗೋದಾ ತೀರ್ಮಾನ. ಅದೇ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಉತ್ತರಕ್ಕೆ ಬಂದಿರಬೇಕು, ಯಾಕಂದ್ರೆ ಇವನು ತಿರುಗೋ ಮೊದಲೇ ಅವನು ಎಸೆದಾಗಿರುತ್ತೆ. ಇಬ್ಬರ ಉತ್ತರ ಬೇರೆ ಆದ್ರೆ ಚೆಂಡು ಎದುರಾಳಿ ಕೈಗೆ. ಟಿವಿಯಲ್ಲಿ ಬೈಗುಳ ಕ್ವಾರ್ಟರ್‌ಬ್ಯಾಕ್‌ಗೆ, ಸೋಮವಾರದ ಮೀಟಿಂಗ್‌ನಲ್ಲಿ ರೂಕಿಗೆ. ಎರಡು ಸಲ ಹಾಗಾದ್ರೆ ಮೂರನೇ ಸಲ ಅವನ ಕಡೆ ಚೆಂಡೇ ಬರಲ್ಲ.

ಹೊಸ_ನೋಡುಗ

ಧನ್ಯವಾದ ಮೇಡಂ. ಇನ್ಮೇಲೆ ಚೆಂಡು ಬಿಟ್ಟು ರಿಸೀವರ್‌ನ ಪಾದ ನೋಡ್ತೀನಿ.

ಹುಬ್ಬಳ್ಳಿ_ಟು_ಡಲ್ಲಾಸ್

ವಿದ್ಯಾ ಮೇಡಂ, ನೀವು ಹೇಳಿದ್ದೆಲ್ಲಾ ಖರೇ ಅದ. ಆದ್ರ ಚೇಸನ ಹೆಸರ ತಗೊಂಡ್ರಿ, ಕತಿ ಅರ್ಧಕ್ಕ ಬಿಟ್ರಿ. ಅಂವಾ 2020ರ ಕಾಲೇಜ್ ಸೀಸನ್‌ನಾಗ ಒಂದೂ ಪಂದ್ಯ ಆಡಿರಲಿಲ್ಲ. ಆಗಸ್ಟ್‌ನಾಗ ಚೆಂಡ ಬಿಟ್ಟ. ಆಮ್ಯಾಲೆ? 1,455 ಯಾರ್ಡ್, 13 ಟಚ್‌ಡೌನ್. ಚೀಫ್ಸ್ ಮ್ಯಾಲೆ ಒಂದ ಪಂದ್ಯದಾಗ 266! ಹಿಂದಿನ ವರ್ಷ ನಾಲ್ಕ ಪಂದ್ಯ ಗೆದ್ದಿದ್ದ ಬೆಂಗಲ್ಸ್ ಸೂಪರ್ ಬೌಲ್ ಫೈನಲ್‌ಗೆ ಹೋತು. "ಹೊಸಬ ಅದಾನ, ಬಿಡ್ರಿ" ಅಂತ ಕುಂತಿದ್ರ ಆಗ್ತಿತ್ತೇನ್ರೀ?

ಇನ್ನ ರೊಕ್ಕದ ಮಾತಿಗೆ ಬರ್ರಿ. 2011ರ ಒಪ್ಪಂದ ಆದ ಮ್ಯಾಲೆ ರೂಕಿಗಳ ಪಗಾರ ಪಿಕ್ ನಂಬರಿನ ಮ್ಯಾಲೆ ನಿಗದಿ. ಒಪ್ಪಂದ ನಾಲ್ಕ ವರ್ಷದ್ದು. ಮೂರ ಸೀಸನ್ ಮುಗಿದ ಕೂಡ್ಲೇ ಹೊಸ ಒಪ್ಪಂದ ಕೇಳಾಕ ಬರ್ತಾರ. ಜೆಫರ್ಸನ್‌ಗ ವರ್ಷಕ್ಕ 35 ದಶಲಕ್ಷ ಡಾಲರ್, ಚೇಸ್‌ಗ 40 ದಶಲಕ್ಷದ ಮ್ಯಾಲೆ. ಅಂದ್ರ ಸೋವಿ ದರದಾಗ ಸಿಗೂದು ಮೂರ-ನಾಲ್ಕ ವರ್ಷ ಅಷ್ಟ. ಅದರಾಗ ಎರಡು ಕಲಿಯೂದಕ್ಕ ಹೋದ್ರ ಟೀಮ್‌ಗ ಉಳದದ್ದೇನು? ಕಾಯೂದು ಚಲೋ ಗುಣ ಅದ, ಆದ್ರ ಅದಕ್ಕೂ ರೊಕ್ಕ ಬೀಳ್ತದ.

ಚೀಸ್‌ಹೆಡ್_ಚಂದ್ರು

ಈ ರೊಕ್ಕದ ವಾದಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಆದ್ರೂ ಒಂದು ಮಾತು. ಟೀಮ್‌ಗೆ ಅವಸರ ಇದೆ ಅಂತ ಹುಡುಗ ಬೇಗ ಕಲಿಯಲ್ಲ.

ಕುಡ್ಲದ_ಈಗಲ್

ಎಂತ ಮಾರಾಯ್ರೆ, ಜೆಫರ್ಸನ್ ಹೆಸರು ಇಷ್ಟು ಸಲ ಬಂತು, ಫಿಲಡೆಲ್ಫಿಯಾದವರ ಹೊಟ್ಟೆ ಉರಿ ಯಾರಿಗೂ ನೆನಪೇ ಇಲ್ಲವಾ? 2020ರಲ್ಲಿ 21ನೇ ಪಿಕ್ ನಮ್ಮ ಈಗಲ್ಸ್‌ನದ್ದು. ನಾವು ತೆಗೆದುಕೊಂಡದ್ದು ಜೇಲನ್ ರೇಗರ್. 31 ಕ್ಯಾಚ್, 396 ಯಾರ್ಡ್. ಮರುಕ್ಷಣ ವೈಕಿಂಗ್ಸಿನವರು ಜೆಫರ್ಸನ್‌ನನ್ನು ಎತ್ತಿಕೊಂಡು ಹೋದರು.

ಅದಕ್ಕೆ ನಾನು ಹೇಳುವುದು, ಡ್ರಾಫ್ಟ್ ನಂಬರ್ ನೋಡಿ ನಿರೀಕ್ಷೆ ಕಟ್ಟುವುದೇ ಮೊದಲ ತಪ್ಪು. 2020ರಿಂದ 2024ರವರೆಗೆ ಐದು ಡ್ರಾಫ್ಟ್‌ನ ಫಸ್ಟ್ ರೌಂಡ್ ಕುಳಿತು ಲೆಕ್ಕ ಹಾಕಿದೆ. ಒಟ್ಟು 28 ರಿಸೀವರ್‌ಗಳು. ಮೊದಲ ವರ್ಷವೇ ಸಾವಿರ ಯಾರ್ಡ್ ದಾಟಿದವರು ಏಳು ಜನ: ಜೆಫರ್ಸನ್, ಚೇಸ್, ವ್ಯಾಡಲ್, ಗ್ಯಾರೆಟ್ ವಿಲ್ಸನ್, ಓಲಾವೆ, ನೇಬರ್ಸ್, ಬ್ರಯಾನ್ ಥಾಮಸ್. 2023ರಲ್ಲಿ ಒಬ್ಬನೂ ಇಲ್ಲ. ಆ ವರ್ಷ ಎಲ್ಲರನ್ನೂ ಮೀರಿಸಿದ ರ‍್ಯಾಮ್ಸ್‌ನ ಪುಕಾ ನಕುವಾ ಐದನೇ ರೌಂಡಿನವ, 177ನೇ ಪಿಕ್! 105 ಕ್ಯಾಚ್, 1,486 ಯಾರ್ಡ್. 1960ರಿಂದ ಬಿಲ್ ಗ್ರೋಮನ್ ಹೆಸರಲ್ಲಿದ್ದ 1,473ರ ರೂಕಿ ದಾಖಲೆ ಹೋಯಿತು. (ಗ್ರೋಮನ್ ಆಡಿದ್ದು 14 ಪಂದ್ಯದ ಸೀಸನ್, ನಕುವಾ 17. ಅದು ಬೇರೆ ಜಗಳ, ಈಗ ಬೇಡ.)

ಸಾಂತಾಕ್ಲಾರಾ_ಸೀನ

ನಕುವಾ ಎರಡನೇ ಪಂದ್ಯದಲ್ಲಿ ನಮ್ಮ ಮೇಲೇ 15 ಕ್ಯಾಚ್ ಹಿಡಿದ. ಅವನ ಬಗ್ಗೆ ಬರೆಯೋಕೆ ನನಗೆ ಇಷ್ಟ ಇಲ್ಲ, ಆದರೂ ಒಂದು ಗಮನಿಸಿ. ಮೊದಲ ನಾಲ್ಕು ಪಂದ್ಯ ಅವರ ಮುಖ್ಯ ರಿಸೀವರ್ ಕೂಪರ್ ಕಪ್ ಗಾಯವಾಗಿ ಹೊರಗಿದ್ದ. ಜಾಗ ಖಾಲಿ ಇತ್ತು, ಎಸೆಯೋನು ಮ್ಯಾಥ್ಯೂ ಸ್ಟಾಫರ್ಡ್. ಕಪ್ ಗಟ್ಟಿಯಾಗಿದ್ದಿದ್ರೆ ನಕುವಾ ಸೆಪ್ಟೆಂಬರ್‌ನಲ್ಲಿ ಅರ್ಧ ಪಂದ್ಯ ಎದುರಾಳಿಗಳನ್ನ ತಡೆದು ಬ್ಲಾಕ್ ಮಾಡ್ಕೊಂಡಿರ್ತಿದ್ದ, ನಾವ್ಯಾರೂ ಹೆಸರೂ ಕೇಳಿರ್ತಿರಲಿಲ್ಲ.

ಮಿನಿಯಾಪೊಲಿಸ್_ಮಂಜು

ಖಾಲಿ ಜಾಗ ಅಂದ್ರಲ್ಲ, ಜೆಫರ್ಸನ್‌ದೂ ಅದೇ. ನಮ್ಮ ರಿಸೀವರ್ ಸ್ಟೆಫಾನ್ ಡಿಗ್ಸ್‌ನ ಬಫಲೋಗೆ ಕೊಟ್ಟಾಗ ಬಂದ ಪಿಕ್ಕೇ ಆ 22ನೇದು. ಡಿಗ್ಸ್ ಹೋದ ಜಾಗ, ಡಿಗ್ಸ್ ಕೊಟ್ಟು ತಂದ ಪಿಕ್, ಬಂದವನು ಆಡಲೇಬೇಕಿತ್ತು, ಆಡಿದ. ಜಾಗ ಖಾಲಿ ಇದ್ರೆ ನಿರೀಕ್ಷೆ ತಪ್ಪಲ್ಲ ಅಂತಾಯ್ತಲ್ಲ?

ವಿದ್ಯಾ_ಡೆಟ್ರಾಯಿಟ್

ಮಂಜು ಅವರೇ, ನಿಮ್ಮ ಟೀಮ್‌ನದ್ದೇ ಇನ್ನೊಂದು ಖಾಲಿ ಜಾಗ ಇತ್ತಲ್ಲ, 2005ರಲ್ಲಿ? ಆ ಹೆಸರು ನೀವೇ ಹೇಳಿ, ನಾನು ಹೇಳಿದ್ರೆ ಚೆನ್ನಾಗಿರಲ್ಲ.

ಮಿನಿಯಾಪೊಲಿಸ್_ಮಂಜು

ಟ್ರಾಯ್ ವಿಲಿಯಮ್ಸನ್. ಹೇಳಿದೆ, ಸಮಾಧಾನ ಆಯ್ತಾ ಮೇಡಂ? 😅

ಗೊತ್ತಿಲ್ಲದವರಿಗೆ: ಮಾಸ್‌ನ ರೈಡರ್ಸ್‌ಗೆ ಕೊಟ್ಟು ತಂದ 7ನೇ ಪಿಕ್‌ನಲ್ಲಿ ಇವನನ್ನ ತಗೊಂಡ್ರು. ಗಾಳಿಯಂಥ ವೇಗ. ಮಾಸ್ ಜಾಗಕ್ಕೆ ಬಂದವನು ಅಂತ ಮೊದಲ ದಿನದಿಂದಲೂ ಹಣೆಪಟ್ಟಿ. ಆ ವರ್ಷ 24 ಕ್ಯಾಚ್, 372 ಯಾರ್ಡ್. ಆಮೇಲೆ ಚೆಂಡು ಕೈಗೆ ಅಂಟೋದೇ ನಿಂತುಹೋಯ್ತು. ಒಂದೇ ಟೀಮು, ಎರಡು ಸಲವೂ ದೊಡ್ಡ ರಿಸೀವರ್‌ನ ಮಾರಿ ತಂದ ಪಿಕ್ಕು. ಒಂದು ಸಲ ಜೆಫರ್ಸನ್, ಒಂದು ಸಲ ವಿಲಿಯಮ್ಸನ್. ಆದ್ರೆ 2016ರ ಲಕ್ವಾನ್ ಟ್ರೆಡ್‌ವೆಲ್ ಬಗ್ಗೆ ಮಾತ್ರ ಯಾರೂ ಕೇಳಬೇಡಿ. ಫಸ್ಟ್ ರೌಂಡ್, ಇಡೀ ವರ್ಷಕ್ಕೆ ಒಂದು ಕ್ಯಾಚ್.

ಕುಡ್ಲದ_ಈಗಲ್

ಅಂಥದ್ದೇ ಇನ್ನೊಂದು ಉಂಟು. 2022ರ ಡ್ರಾಫ್ಟ್ ರಾತ್ರಿ ಟೈಟನ್ಸ್‌ನವರು ತಮ್ಮ ದೊಡ್ಡ ರಿಸೀವರ್ ಎ.ಜೆ. ಬ್ರೌನ್‌ನನ್ನು ನಮಗೆ ಕೊಟ್ಟು, ನಮ್ಮ 18ನೇ ಪಿಕ್‌ನಲ್ಲಿ ಟ್ರೇಲನ್ ಬರ್ಕ್ಸ್‌ನನ್ನು ತೆಗೆದುಕೊಂಡರು. "ಇವನೇ ಹೊಸ ಬ್ರೌನ್" ಅಂತ ಮರುದಿನವೇ ಶುರು. 33 ಕ್ಯಾಚ್, 444 ಯಾರ್ಡ್. ಪಾಪ, ಕಾಲ್ಬೆರಳಿನ ಗಾಯ, ಆಮೇಲೆ ತಲೆಗೆ ಪೆಟ್ಟು. ಆ ಕಡೆ ಕ್ವಾರ್ಟರ್‌ಬ್ಯಾಕ್ ಟ್ಯಾನೆಹಿಲ್‌ಗೂ ಗಾಯ. ಸೂರೆ ಹೊಡೆದದ್ದು ನಾವು, ಅದಕ್ಕೆ ನಾನು ಜಾಸ್ತಿ ಮಾತಾಡುವುದಿಲ್ಲ.

ವಿದ್ಯಾ_ಡೆಟ್ರಾಯಿಟ್

ಈ ಎರಡು ಜೋಡಿ ಪಕ್ಕಪಕ್ಕ ಇಟ್ಟು ನೋಡಿದ್ರೆ ನನಗೆ ಕಾಣೋದು ಇದು. ಖಾಲಿ ಜಾಗ ಅವಕಾಶ ಕೊಡುತ್ತೆ, ಅಷ್ಟೇ. ಹೋದವನ ನೆರಳು ಹೊಸಬನ ಮೇಲೆ ಬಿದ್ದರೆ ಅದೇ ಜಾಗ ಭಾರ ಆಗುತ್ತೆ. 2020ರಲ್ಲಿ ವೈಕಿಂಗ್ಸ್ ಒಂದು ಒಳ್ಳೇ ಕೆಲಸ ಮಾಡಿದ್ರು, ಅದನ್ನ ಯಾರೂ ನೆನೆಸಿಕೊಳ್ಳಲ್ಲ. ಇನ್ನೊಂದು ಕಡೆ ಆಡಮ್ ಥೀಲೆನ್ ಇದ್ದ, ಎದುರಾಳಿಯ ಮುಖ್ಯ ಗಮನ ಅವನ ಮೇಲೆ. ಜೆಫರ್ಸನ್‌ನ ಮೊದಲ ಎರಡು ಪಂದ್ಯ ಆರಂಭದ ಹನ್ನೊಂದರಲ್ಲಿ ಇಳಿಸಲೇ ಇಲ್ಲ. ಎರಡೂ ಸೇರಿ 70 ಯಾರ್ಡ್. ಮೂರನೇ ಪಂದ್ಯ, ಟೈಟನ್ಸ್ ಮೇಲೆ 175. ಎರಡು ವಾರಕ್ಕೇ ನಮ್ಮಂಥವರು ತೀರ್ಪು ಬರೆದಿದ್ರೆ ಏನಾಗ್ತಿತ್ತು ಯೋಚಿಸಿ.

ಅವಸರದ ಬಗ್ಗೆ ಡೆಟ್ರಾಯಿಟ್‌ನವರಿಗೆ ಯಾರೂ ಪಾಠ ಹೇಳಬೇಕಿಲ್ಲ. 2003, 2004, 2005, ಸತತ ಮೂರು ವರ್ಷ ನಮ್ಮ ಲಯನ್ಸ್ ಫಸ್ಟ್ ರೌಂಡ್‌ನಲ್ಲಿ ರಿಸೀವರ್ ತಗೊಂಡ್ರು: ಚಾರ್ಲ್ಸ್ ರಾಜರ್ಸ್, ರಾಯ್ ವಿಲಿಯಮ್ಸ್, ಮೈಕ್ ವಿಲಿಯಮ್ಸ್. ರಾಜರ್ಸ್ ಐದು ಪಂದ್ಯ ಆಡಿ ಕಾಲರ್‌ಬೋನ್ ಮುರಿದುಕೊಂಡ. ಮೊದಲಿನವನು ಏನಾದ ಅಂತ ಪೂರ್ತಿ ಗೊತ್ತಾಗೋ ಮುಂಚೆಯೇ ಮುಂದಿನವನು ಬರ್ತಿದ್ದ. ಅದೇ ಟೀಮ್ 2007ರಲ್ಲಿ ಕ್ಯಾಲ್ವಿನ್ ಜಾನ್ಸನ್‌ನ ತಗೊಂಡಿತು. ಮೊದಲ ವರ್ಷ 756 ಯಾರ್ಡ್. ಎರಡನೇ ವರ್ಷ ಹದಿನಾರಕ್ಕೆ ಹದಿನಾರೂ ಸೋತ ಟೀಮ್‌ನಲ್ಲಿ 1,331 ಯಾರ್ಡ್, 12 ಟಚ್‌ಡೌನ್.

ಹುಬ್ಬಳ್ಳಿ_ಟು_ಡಲ್ಲಾಸ್

ನಮ್ಮ ಗುಂಡಪ್ಪ ವಿಶ್ವನಾಥ್ 1969ರಾಗ ಕಾನ್ಪುರದಾಗ ಮೊದಲ ಇನಿಂಗ್ಸ್ ಸೊನ್ನೆ, ಎರಡನೇದಾಗ 137. ಮೊದಲ ಟೆಸ್ಟ್ ರೀ ಅದು. ಆಡಾಂವ ಮೊದಲ ದಿನಾನೂ ಆಡ್ತಾನ.

ಸಾಂತಾಕ್ಲಾರಾ_ಸೀನ

ಅಣ್ಣಾ, ವಿಶಿಗೆ ಚೆಂಡು ಎದುರಾಳಿಯೇ ತಂದು ಕೊಡ್ತಿದ್ದ, ಓವರಿಗೆ ಆರು ಸಲ. ರಿಸೀವರ್ ಅರವತ್ತು ಸಲ ಓಡಿದ್ರೆ ಅವನ ಕಡೆ ಬರೋದು ಐದೋ ಆರೋ. ಅದೂ ಬೇರೆಯವನ ಮರ್ಜಿ.

ನಮ್ಮೂರಿನ ಉದಾಹರಣೆ ಕೊಡ್ತೀನಿ. ಇಲ್ಲಿ ಜೆರಿ ರೈಸ್ ಹೆಸರು ಹೇಳಿದ್ರೆ ಇವತ್ತಿಗೂ ಜನ ಎದ್ದು ನಿಲ್ತಾರೆ. 1985ರಲ್ಲಿ 16ನೇ ಪಿಕ್, ಬಂದಿದ್ದು ಮಿಸಿಸಿಪಿ ವ್ಯಾಲಿ ಸ್ಟೇಟ್ ಅನ್ನೋ ಸಣ್ಣ ಕಾಲೇಜಿಂದ. ಕೈಗೆ ಬಂದ ಚೆಂಡು ಬಿಟ್ಟು ಬಿಟ್ಟು ಕ್ಯಾಂಡಲ್‌ಸ್ಟಿಕ್ ಮೈದಾನದಲ್ಲಿ ಸ್ವಂತ ಅಭಿಮಾನಿಗಳ ಕೈಲೇ ಬೈಸಿಕೊಂಡ. ಡಿಸೆಂಬರ್‌ನಲ್ಲಿ ಒಂದು ಸೋಮವಾರ ರಾತ್ರಿ ರ‍್ಯಾಮ್ಸ್ ಮೇಲೆ 241 ಯಾರ್ಡ್. ಆ ವರ್ಷಕ್ಕೆ 927. ಮುಂದಿನ ವರ್ಷ 1,570 ಯಾರ್ಡ್, 15 ಟಚ್‌ಡೌನ್. ಸರ್ವಶ್ರೇಷ್ಠನಿಗೇ ಡಿಸೆಂಬರ್‌ವರೆಗೆ ಬೇಕಾಯ್ತು ಅಂದ್ರೆ ಪಿಯರ್ಸಾಲ್‌ನ ಯಾಕೆ ಜಜ್ಜಬೇಕು?

ಹುಬ್ಬಳ್ಳಿ_ಟು_ಡಲ್ಲಾಸ್

927 ಯಾರ್ಡ್ ಹೊಡದಾಂವ ಏನೂ ಮಾಡಲಿಲ್ಲ ಅಂತ ನೀವ ಹೇಳಾಕತ್ತೀರಲ್ಲ ಸೀನಣ್ಣ! ನಿಮ್ಮ ಸಾಕ್ಷಿ ನನ್ನ ಕಡೆ ನಿಂತತಿ. 😂

ವಿದ್ಯಾ_ಡೆಟ್ರಾಯಿಟ್

ಹುಬ್ಬಳ್ಳಿಯವರು ಅಲ್ಲಿ ಸರಿಯಾಗಿ ಹಿಡಿದ್ರು. "ಕೊಡುಗೆ" ಅಂದ್ರೆ ಏನು ಅಂತ ಮೊದಲು ತೀರ್ಮಾನ ಆಗಬೇಕು. ಸಾವಿರ ಯಾರ್ಡ್ ಅಂತಾದ್ರೆ ಕುಡ್ಲದವರ ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಬ್ಬ. ಅದನ್ನ ನಿರೀಕ್ಷೆ ಅಂತ ಕರೆಯೋಕಾಗಲ್ಲ, ಲಾಟರಿ ಅನ್ನಬಹುದು. ಒಂದು ಸಣ್ಣ ಕೆಲಸ ಕೊಟ್ಟು ಅದನ್ನ ನೆಟ್ಟಗೆ ಮಾಡು ಅನ್ನೋದಾದ್ರೆ, ಅದನ್ನ ನಾನು ಸೆಪ್ಟೆಂಬರ್‌ನಿಂದಲೇ ಕೇಳ್ತೀನಿ. ಸ್ಲಾಟ್‌ನಲ್ಲಿ (ಒಳಬದಿಯ ರಿಸೀವರ್ ಜಾಗ) ನಿಂತು ಮೂರು ರೂಟ್ ಓಡು. ಬ್ಲಾಕ್ ಬಿಡಬೇಡ. ಎಲ್ಲಿ ನಿಲ್ಲಬೇಕು ಅಂತ ಕ್ವಾರ್ಟರ್‌ಬ್ಯಾಕ್ ಕೈ ತೋರಿಸಿ ಹೇಳೋ ಹಾಗೆ ಮಾಡ್ಕೋಬೇಡ.

2021ರ ಅಮೊನ್-ರಾ ಸೇಂಟ್ ಬ್ರೌನ್ ನನ್ನ ಕಣ್ಣ ಮುಂದೆ ನಡೆದಿದ್ದು. ನಾಲ್ಕನೇ ರೌಂಡ್, 112ನೇ ಪಿಕ್. ಮೊದಲ 11 ಪಂದ್ಯದಲ್ಲಿ 39 ಕ್ಯಾಚ್, ಟಚ್‌ಡೌನ್ ಸೊನ್ನೆ. ಆದ್ರೆ ಆ ಹನ್ನೊಂದು ಪಂದ್ಯದಲ್ಲೂ ಲೈನ್‌ಬ್ಯಾಕರ್‌ಗಳಿಗೆ ಎದೆ ಕೊಟ್ಟು ಬ್ಲಾಕ್ ಮಾಡ್ತಿದ್ದ, ತಪ್ಪು ಜಾಗದಲ್ಲಿ ನಿಂತಿದ್ದು ನಾನಂತೂ ನೋಡಲಿಲ್ಲ. ಡಿಸೆಂಬರ್ 5ಕ್ಕೆ, ಮಂಜು ಅವರ ಕ್ಷಮೆ ಕೇಳಿ ಹೇಳ್ತೀನಿ, ವೈಕಿಂಗ್ಸ್ ಮೇಲೆ ಪಂದ್ಯದ ಕೊನೆಯ ಎಸೆತದಲ್ಲಿ ಮೊದಲ ಟಚ್‌ಡೌನ್, ಲಯನ್ಸ್‌ಗೆ ಆ ವರ್ಷದ ಮೊದಲ ಗೆಲುವು. ಕೊನೆಯ ಆರು ಪಂದ್ಯದಲ್ಲಿ 51 ಕ್ಯಾಚ್, 5 ಟಚ್‌ಡೌನ್. ಯಾರ್ಡ್ ಬರೋ ಮೊದಲೇ ಅವನು ಕೊಡುಗೆ ಕೊಡ್ತಿದ್ದ. ಕೋಚ್‌ಗಳಿಗೆ ಅದು ಕಂಡಿತ್ತು, ಅದಕ್ಕೇ ಚೆಂಡು ಅವನ ಕಡೆ ಹೋಯ್ತು.

ಅದೇ ಟೀಮ್‌ನ ಜೇಮ್ಸನ್ ವಿಲಿಯಮ್ಸ್ 12ನೇ ಪಿಕ್. ಕಾಲೇಜಿನ ಫೈನಲ್‌ನಲ್ಲಿ ಮಂಡಿ ಹೋಗಿತ್ತು, 2022ರಲ್ಲಿ ಒಂದೇ ಕ್ಯಾಚ್. 2024ರಲ್ಲಿ 1,001 ಯಾರ್ಡ್. ಅವನನ್ನ ಮೊದಲ ವರ್ಷ ಅಳೆಯೋಕೆ ಹೋಗಿದ್ದೇ ದಡ್ಡತನ.

ಮಿನಿಯಾಪೊಲಿಸ್_ಮಂಜು

ಆ ಡಿಸೆಂಬರ್ 5 ನೆನಪಿಸಿದ್ದಕ್ಕೆ ಕ್ಷಮೆ ಇಲ್ಲ.

ಆದ್ರೂ ನಾನು ಪೂರ್ತಿ ಒಪ್ಪಲ್ಲ ಮೇಡಂ. ನಾಲ್ಕನೇ ರೌಂಡಿನವನಿಗೆ ಬ್ಲಾಕ್ ಸಾಕು. ಐದನೇ ಪಿಕ್ ಖರ್ಚು ಮಾಡಿದವರು "ಬ್ಲಾಕ್ ಚೆನ್ನಾಗಿ ಮಾಡಿದ" ಅಂದ್ರೆ ನಾನು ಟಿವಿ ಆಫ್ ಮಾಡ್ತೀನಿ. ಬೆಲೆಗೆ ತಕ್ಕ ಹಾಗೆ ಕೇಳೋ ಹಕ್ಕು ಇದ್ದೇ ಇದೆ.

ಹೊಸ_ನೋಡುಗ

ಒಂದು ಸ್ವಾರ್ಥದ ಪ್ರಶ್ನೆ. ಆಫೀಸಿನಲ್ಲಿ ನನ್ನನ್ನ ಫ್ಯಾಂಟಸಿ ಲೀಗ್‌ಗೆ (ನಿಜವಾದ ಆಟಗಾರರನ್ನ ಆರಿಸಿ ಅವರ ಅಂಕಿಗಳಿಂದ ಪಾಯಿಂಟ್ ಗಳಿಸೋ ಆಟ) ಸೇರಿಸಿದ್ದಾರೆ. ಈ 2025ರ ರೂಕಿ ಹುಡುಗರಲ್ಲಿ ಮೆಕ್‌ಮಿಲನ್, ಎಗ್‌ಬುಕಾ, ಗೋಲ್ಡನ್, ಯಾರನ್ನ ತಗೊಳ್ಳಲಿ? ಟ್ರಾವಿಸ್ ಹಂಟರ್ ಎರಡೂ ಕಡೆ ಆಡ್ತಾನಂತೆ, ಅದು ಲೆಕ್ಕಕ್ಕೆ ಬರುತ್ತಾ?

ಹುಬ್ಬಳ್ಳಿ_ಟು_ಡಲ್ಲಾಸ್

ಮೆಕ್‌ಮಿಲನ್. ಕ್ಯಾರೊಲೈನಾದಾಗ ಅವನ ಮುಂದ ದೊಡ್ಡ ಹೆಸರ ಯಾರೂ ಇಲ್ಲ, 8ನೇ ಪಿಕ್ ಹಾಕಿದಾರ, ಚೆಂಡ ಅವನ ಕಡೆನ ಬರ್ತದ. ಹಂಟರ್ ಕಾರ್ನರ್‌ಬ್ಯಾಕ್ ಆಗಿ ಎಷ್ಟ ಚಂದ ಆಡಿದ್ರೂ ನಿಮ್ಮ ಲೀಗಿನ್ಯಾಗ ಸೊನ್ನಿ. ನಿಯಮ ಓದಿ ನೋಡ್ರಿ.

ಕುಡ್ಲದ_ಈಗಲ್

ಎಗ್‌ಬುಕಾನನ್ನು ಕಡೆಗಣಿಸಬೇಡಿ. ಟ್ಯಾಂಪಾದಲ್ಲಿ ಮೈಕ್ ಇವಾನ್ಸ್ ಇದ್ದಾನೆ ಹೌದು, ಆದರೆ ಕ್ರಿಸ್ ಗಾಡ್ವಿನ್‌ಗೆ 2024ರ ಅಕ್ಟೋಬರ್‌ನಲ್ಲಿ ಪಾದದ ಗಂಟಿನ ಗಾಯ. ಮೊದಲ ತಿಂಗಳು ಜಾಗ ಉಂಟು.

ಚೀಸ್‌ಹೆಡ್_ಚಂದ್ರು

ಗೋಲ್ಡನ್ ಬಗ್ಗೆ ನನ್ನ ಕೇಳಿ. 2002ರ ಜಾವನ್ ವಾಕರ್ ಆದ ಮೇಲೆ ಪ್ಯಾಕರ್ಸ್ ಫಸ್ಟ್ ರೌಂಡ್‌ನಲ್ಲಿ ತಗೊಂಡ ಮೊದಲ ರಿಸೀವರ್, ಅದೂ ಗ್ರೀನ್ ಬೇಯಲ್ಲೇ ನಡೆದ ಡ್ರಾಫ್ಟ್‌ನಲ್ಲಿ. ಊರಿಗೆ ಊರೇ ಕುಣೀತು, ನಾನೂ ಕುಣಿದೆ. ಆದ್ರೆ ನಮ್ಮಲ್ಲಿ ಚೆಂಡು ಐದಾರು ಜನಕ್ಕೆ ಹಂಚಿ ಹೋಗುತ್ತೆ. ನೀನು ಈ ವರ್ಷ ತಗೋಬೇಡ. ಮುಂದಿನ ವರ್ಷ ಎಲ್ಲರೂ "ದಂಡ" ಅಂದು ಬಿಟ್ಟಾಗ ಕೊನೇ ರೌಂಡ್‌ನಲ್ಲಿ ಎತ್ಕೋ.

ಸಾಂತಾಕ್ಲಾರಾ_ಸೀನ

ಅದೇ ಲೆಕ್ಕದಲ್ಲಿ ಪಿಯರ್ಸಾಲ್‌ಗೆ ಈ 2025 ಎರಡನೇ ಸೀಸನ್. ಡೀಬೊ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ ಹೋದ, ಐಯುಕ್ ಮಂಡಿ ಇನ್ನೂ ವಾಸಿಯಾಗ್ತಿದೆ. ಜಾಗ ಖಾಲಿ. ನಿನ್ನ ಲೀಗ್‌ನಲ್ಲಿ ಇನ್ನೂ ಯಾರೂ ಎತ್ಕೊಂಡಿಲ್ಲ ಅಂದ್ರೆ ಇವತ್ತೇ ಎತ್ಕೋ, ನಾಳೆ ನನ್ನ ಮೇಲೆ ಕೇಸ್ ಹಾಕಬೇಡ.

ಮಿನಿಯಾಪೊಲಿಸ್_ಮಂಜು

ಸೀನಣ್ಣ, ಎರಡನೇ ವರ್ಷದವನ ಮೇಲೆ ನಿರೀಕ್ಷೆ ಇಡಬಹುದಾ, ಅದಕ್ಕೂ ಇನ್ನೊಂದು ಚರ್ಚೆ ತೆಗೀತೀರಾ?